ಸ್ಟಾರ್ಟ್ ಆದ ಒಡನೆಯೇ ನಿಂತುಬಿಡುವ ಎಂಜಿನ್: ದೋಷ ಹುಡುಕುವ ಬಗೆ

ನಿವೃತ್ತ ಮೇಷ್ಟ್ರೊಬ್ಬರ ಪೆಟ್ರೋಲ್ ಕಾರನ್ನು ಎಳೆದುಕೊಂಡು ನಮ್ಮ ಗ್ಯಾರೇಜಿಗೆ ತಂದಾಗ ಅದರ ಹಿಂದಿನ ಸೀಟಿನಲ್ಲಿ ಒಂದು ಬಟ್ಟೆಯ ಚೀಲವಿತ್ತು. ಚೀಲದೊಳಗೆ ಹಳೆಯ ಫ್ಯೂಯಲ್ ಪಂಪ್, ನಾಲ್ಕು ಪ್ಲಗ್, ಒಂದು ಇಗ್ನಿಷನ್ ಕಾಯಿಲ್, ಒಂದು ಏರ್ ಫಿಲ್ಟರ್. ಮೂರು ವಾರದೊಳಗೆ ಬೇರೆ ಬೇರೆ ಕಡೆ ಇವನ್ನೆಲ್ಲ ಬದಲಿಸಿದ್ದರು. ಖರ್ಚು 14 ಸಾವಿರ ದಾಟಿತ್ತು. ಕಾರು ಮಾತ್ರ ಮೊದಲ ದಿನ ಹೇಗಿತ್ತೋ ಹಾಗೆಯೇ ಇತ್ತು. ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಮೂರು ನಾಲ್ಕು ಸೆಕೆಂಡ್ ಓಡಿ, ದನಿ ಇಳಿಯುತ್ತಾ ಬಂದು ನಿಂತುಬಿಡುತ್ತಿತ್ತು.

"ಯಾವಾಗಿನಿಂದ ಹೀಗಾಗುತ್ತಿದೆ?" ಎಂದು ಕೇಳಿದೆ.

"ಮೂರು ವಾರ ಆಯಿತು."

"ಅದಕ್ಕೆ ಮುಂಚೆ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ದಿರಾ ಮೇಷ್ಟ್ರೇ?"

ಅವರು ಸ್ವಲ್ಪ ಯೋಚಿಸಿ, "ಕೆಲಸ ಏನೂ ಇಲ್ಲ. ಬ್ಯಾಟರಿ ಹೋಗಿತ್ತು, ಹೊಸದು ಹಾಕಿಸಿದೆ, ಅಷ್ಟೇ" ಎಂದರು.

ಆ "ಅಷ್ಟೇ" ಎಂಬುದರಲ್ಲೇ ಉತ್ತರವಿತ್ತು. ಕಾರನ್ನು ಮೂರು ಕಡೆ ತೋರಿಸಿದ್ದರೂ ಈ ಪ್ರಶ್ನೆಯನ್ನು ಅವರಿಗೆ ಒಬ್ಬರೂ ಕೇಳಿರಲಿಲ್ಲ. ಅವರ ಕಾರಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಸ್ಪಾನರ್ ಕೈಗೆತ್ತಿಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ಮೊದಲು ಸೆಕೆಂಡ್ ಎಣಿಸಿ

ಸ್ಟಾರ್ಟೇ ಆಗದ ಎಂಜಿನ್‌ಗೂ, ಸ್ಟಾರ್ಟ್ ಆಗಿ ನಿಲ್ಲುವ ಎಂಜಿನ್‌ಗೂ ತುಂಬಾ ವ್ಯತ್ಯಾಸವಿದೆ. ಸ್ಟಾರ್ಟ್ ಆಯಿತು ಎಂದರೆ ಸಿಲಿಂಡರಿನೊಳಗೆ ಒತ್ತಡ (ಕಂಪ್ರೆಷನ್) ಇದೆ, ಕಿಡಿ ಹಾರಿದೆ, ಒಂದಿಷ್ಟು ಇಂಧನ ಒಳಗೆ ಹೋಗಿದೆ, ಸೆಲ್ಫ್ ಮೋಟರು ತಿರುಗಿದೆ. ಅರ್ಧ ಪರೀಕ್ಷೆಯನ್ನು ಎಂಜಿನ್ ತಾನೇ ಪಾಸು ಮಾಡಿ ತೋರಿಸಿದೆ. ಉಳಿದ ಪ್ರಶ್ನೆ ಒಂದೇ: ಸ್ಟಾರ್ಟ್ ಆಗುವಾಗ ಇದ್ದ ಯಾವುದು ಆಮೇಲೆ ಕೈಕೊಟ್ಟಿತು? ಅದು ಯಾವಾಗ ಕೈಕೊಟ್ಟಿತು ಎಂದು ತಿಳಿದರೆ ಯಾವುದು ಎಂಬುದೂ ಹೆಚ್ಚುಕಡಿಮೆ ತಿಳಿಯುತ್ತದೆ. ಅದಕ್ಕಾಗಿಯೇ ಗಾಡಿ ತಂದವರಿಗೆ ನಾನು ಮೊದಲು ಹೇಳುವುದು, ನನ್ನ ಎದುರಿಗೆ ಸ್ಟಾರ್ಟ್ ಮಾಡಿ, ಗಟ್ಟಿಯಾಗಿ ಎಣಿಸಿ ಎಂದು.

ಕೀ ಬಿಟ್ಟ ಕ್ಷಣವೇ ನಿಂತರೆ, ಅಂದರೆ ಸೆಲ್ಫ್ ಹೊಡೆಯುವಾಗ ಎಂಜಿನ್ ಓಡಿ, ಕೀ ಹಿಂದಕ್ಕೆ ಸರಿದ ಕೂಡಲೇ ಸತ್ತರೆ, ಇಗ್ನಿಷನ್ ಸ್ವಿಚ್ ಮೇಲೆ ಅನುಮಾನ ಪಡಬೇಕು. ಸ್ಟಾರ್ಟ್ ಜಾಗದಲ್ಲಿ ಕೀ ಇದ್ದಾಗ ಕರೆಂಟು ಒಂದು ದಾರಿಯಲ್ಲಿ ಹೋಗುತ್ತದೆ, ಆನ್ ಜಾಗದಲ್ಲಿ ಇನ್ನೊಂದು ದಾರಿಯಲ್ಲಿ. ಸ್ವಿಚ್ಚಿನ ಒಳಗಿನ ತಾಮ್ರದ ಬಿಲ್ಲೆ ಸವೆದಿದ್ದರೆ ಎರಡನೆಯ ದಾರಿ ಕಡಿದುಹೋಗುತ್ತದೆ. ಹತ್ತಾರು ಕೀಗಳ ಗೊಂಚಲನ್ನು ವರ್ಷಗಟ್ಟಲೆ ತೂಗುಹಾಕಿಕೊಂಡು ಓಡಿಸಿದ ಗಾಡಿಗಳಲ್ಲಿ ಇದನ್ನು ಹೆಚ್ಚಾಗಿ ನೋಡಿದ್ದೇನೆ. ಮಲ್ಟಿಮೀಟರ್ ಹಿಡಿದು, ಕೀ ಆನ್‌ನಲ್ಲಿದ್ದಾಗ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ 12 ವೋಲ್ಟ್ ಬರುತ್ತಿದೆಯೇ ನೋಡಿದರೆ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಒಂದೆರಡು ಸೆಕೆಂಡ್ ಓಡಿ, ಪ್ರತಿ ಸಲವೂ ಗಡಿಯಾರ ಇಟ್ಟ ಹಾಗೆ ಅಷ್ಟೇ ಹೊತ್ತಿಗೆ ನಿಂತರೆ ಕಾರಣ ಇಮ್ಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ. ಕೀಯ ತಲೆಯೊಳಗೆ ಅಕ್ಕಿ ಕಾಳಿನಷ್ಟು ದೊಡ್ಡ ಚಿಪ್ ಇರುತ್ತದೆ. ಕೀ ತೂರಿಸುವ ಜಾಗದ ಸುತ್ತ ಇರುವ ಸುರುಳಿ ಅದನ್ನು ಓದುತ್ತದೆ. ಓದಿದ ಗುರುತು ಸರಿಹೋಗದಿದ್ದರೆ ಎಂಜಿನ್ ಕಂಪ್ಯೂಟರು ಇಂಧನವನ್ನು ನಿಲ್ಲಿಸಿಬಿಡುತ್ತದೆ. ಮೀಟರ್ ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿಹ್ನೆ ಮಿಣುಕುತ್ತಿದ್ದರೆ ಅನುಮಾನವೇ ಬೇಡ. ಮನೆಯಲ್ಲಿರುವ ಎರಡನೆಯ ಕೀ ತಂದು ನೋಡಿ. ಇನ್ನೊಂದು ಗಾಡಿಯ ಚಿಪ್ ಕೀಯನ್ನು ಇದರ ಜೊತೆಯಲ್ಲೇ ಒಂದೇ ಬಳೆಗೆ ಹಾಕಿದ್ದರೆ ಬೇರ್ಪಡಿಸಿ ನೋಡಿ. ಡೂಪ್ಲಿಕೇಟ್ ಕೀ ಮಾಡಿಸುವವರು ಚಿಪ್ ಇಲ್ಲದ ಕೀ ಕಡಿಸಿಕೊಂಡು ಬಂದು, ಗಾಡಿ ಕೆಟ್ಟಿದೆ ಎಂದು ಕೊರಗಿದ್ದೂ ಉಂಟು.

ಮೂರರಿಂದ ಹತ್ತು ಸೆಕೆಂಡ್ ಎಂದರೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಸಿಗಬೇಕಾದ ಗಾಳಿಯ ತೊಂದರೆ, ಅಥವಾ ಪೈಪಿನಲ್ಲಿದ್ದ ಇಂಧನ ಮುಗಿದು ಹೊಸದು ಬಾರದಿರುವುದು. ಅರ್ಧ ನಿಮಿಷದಿಂದ ಐದು ನಿಮಿಷ ಓಡಿ ನಿಂತರೆ ಇಂಧನದ ಹರಿವು ಎಲ್ಲೋ ಕಟ್ಟಿದೆ: ತುಂಬಿದ ಫಿಲ್ಟರ್, ಗಾಳಿ ಹೋಗದ ಟ್ಯಾಂಕ್ ಮುಚ್ಚಳ, ಸೋತ ಪಂಪ್. ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ನಿಂತರೆ ವಿದ್ಯುತ್ ಭಾಗವೊಂದು ಬಿಸಿಗೆ ಸೋಲುತ್ತಿದೆ.

ನಿಲ್ಲುವ ರೀತಿಯನ್ನೂ ಕಿವಿಗೊಟ್ಟು ಕೇಳಬೇಕು. ಸ್ವಿಚ್ ಆಫ್ ಮಾಡಿದ ಹಾಗೆ ಪಟ್ಟನೆ ನಿಂತರೆ ಕಿಡಿ ಅಥವಾ ಕರೆಂಟಿನ ಕಡೆ ಹೋಗಿ. ಒಂದೆರಡು ಸಲ ಮುಕ್ಕರಿಸಿ, ಕೆಮ್ಮಿ, ಆಕ್ಸಿಲರೇಟರ್ ತುಳಿದಷ್ಟೂ ಇನ್ನೂ ಬೇಗ ಸತ್ತರೆ ಇಂಧನ ಸಾಲದು. ದನಿ ಮೆಲ್ಲಗೆ ಇಳಿಯುತ್ತಾ ಬಂದು ನಿಂತರೆ, ಅದರಲ್ಲೂ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ ಹಿಡಿದಾಗ ಓಡುತ್ತಲೇ ಇದ್ದರೆ, ಇಂಧನವೂ ಕಿಡಿಯೂ ಸರಿಯಾಗಿವೆ. ಕಾಲು ತೆಗೆದಾಗ ಎಂಜಿನ್‌ಗೆ ಸಿಗಬೇಕಾದ ಗಾಳಿ ಸಿಗುತ್ತಿಲ್ಲ. ಕಾಲಿನ ಈ ಒಂದು ಪರೀಕ್ಷೆ ಮೇಷ್ಟ್ರ 14 ಸಾವಿರವನ್ನು ಉಳಿಸಬಹುದಿತ್ತು.

ಐಡಲ್ ನಿಲ್ಲದ ಕಾರು

ಮೇಷ್ಟ್ರಿಗೆ ಸ್ಟಾರ್ಟ್ ಮಾಡಲು ಹೇಳಿದೆ. ನಿಲ್ಲುವ ಮುನ್ನ ಆಕ್ಸಿಲರೇಟರನ್ನು ಒಂದು ಬೆರಳಿನಷ್ಟು ಒತ್ತಿ ಹಿಡಿಯಿರಿ ಎಂದೆ. ಎಂಜಿನ್ 1,500 ಆರ್‌ಪಿಎಂನಲ್ಲಿ ಒಂದು ಚೂರೂ ಅಲುಗಾಡದೆ ಓಡಿತು. ಕಾಲು ತೆಗೆಯಲು ಹೇಳಿದೆ. ಮುಳ್ಳು 800ಕ್ಕೆ ಬಂತು, ಅಲ್ಲಿ ನಿಲ್ಲದೆ 500ಕ್ಕೆ ಇಳಿಯಿತು, ಸತ್ತಿತು. ಮೂರು ಸಲವೂ ಇದೇ ಕಥೆ. ಪಂಪ್ ಸೋತಿದ್ದರೆ 1,500ರಲ್ಲಿ ಹಾಗೆ ಓಡುತ್ತಲೇ ಇರಲಿಲ್ಲ. ಪ್ಲಗ್ ಕೆಟ್ಟಿದ್ದರೆ ನಡುಕ ಇರುತ್ತಿತ್ತು.

ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಿಸಿ ಥ್ರಾಟಲ್ ಬಾಡಿಯ ಬಾಯಿ ತೆರೆದೆ. ಒಳಗೆ ನಾಣ್ಯದ ಹಾಗೆ ದುಂಡಗಿನ ಹಿತ್ತಾಳೆ ಬಣ್ಣದ ತಟ್ಟೆಯಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತಿರುಗಿ ಗಾಳಿಗೆ ದಾರಿ ಕೊಡುವುದು ಅದೇ. ತಟ್ಟೆಯ ಅಂಚಿನ ಸುತ್ತಲೂ, ಅದು ಗೋಡೆಗೆ ತಾಗುವ ಜಾಗದಲ್ಲಿ, ಬಾಣಲೆಯ ತಳದ ಜಿಡ್ಡಿನಂತಹ ಕಪ್ಪು ಉಂಗುರ ಕಟ್ಟಿತ್ತು. ಉಗುರಿನಿಂದ ಕೆರೆದರೆ ಅಂಟಂಟಾಗಿ ಎದ್ದುಬಂತು. ಮುಚ್ಚಿದ ತಟ್ಟೆಯ ಸುತ್ತ ಕೂದಲೆಳೆಯಷ್ಟು ಸಂದು ಇರಬೇಕು, ಐಡಲ್‌ನಲ್ಲಿ ಎಂಜಿನ್ ಉಸಿರಾಡುವುದು ಆ ಸಂದಿನಲ್ಲೇ. ಅಲ್ಲಿ ಸಂದೇ ಉಳಿದಿರಲಿಲ್ಲ.

ಹಾಗಾದರೆ ಬ್ಯಾಟರಿ ಬದಲಿಸುವವರೆಗೂ ಕಾರು ಹೇಗೆ ಓಡುತ್ತಿತ್ತು? ಈ ಪ್ರಶ್ನೆಯನ್ನು ಬಿಡಬಾರದು. ಮಸಿ ಒಂದೇ ದಿನದಲ್ಲಿ ಕಟ್ಟುವುದಿಲ್ಲ, ವರ್ಷಗಳು ಬೇಕು. ಅದು ಕಟ್ಟುತ್ತಾ ಹೋದ ಹಾಗೆ ಎಂಜಿನ್ ಕಂಪ್ಯೂಟರು ಐಡಲ್ ಇಳಿಯುವುದನ್ನು ಗಮನಿಸಿ, ತಟ್ಟೆಯನ್ನು ಒಂದು ಚೂರು, ಇನ್ನೊಂದು ಚೂರು ಹೆಚ್ಚು ತೆರೆಯುವುದನ್ನು ಕಲಿತಿರುತ್ತದೆ. ಕಲಿತ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಹಲವು ಕಾರುಗಳಲ್ಲಿ ಬ್ಯಾಟರಿ ಕಳಚಿದರೆ ಆ ನೆನಪು ಅಳಿಸಿಹೋಗುತ್ತದೆ. ಹೊಸ ಬ್ಯಾಟರಿ ಹಾಕಿದಾಗ ಕಂಪ್ಯೂಟರು ಕಾರ್ಖಾನೆಯಲ್ಲಿ ಹೇಳಿಕೊಟ್ಟ ಲೆಕ್ಕಕ್ಕೆ ಮರಳುತ್ತದೆ. ಆ ಲೆಕ್ಕ ಶುದ್ಧವಾದ ಥ್ರಾಟಲ್ ಬಾಡಿಗೆ ಹೊಂದುವಂಥದ್ದು. ಮಸಿ ಕಟ್ಟಿದ ಬಾಯಿಗೆ ಆ ಗಾಳಿ ಸಾಲದು. ಎಂಜಿನ್ ಸ್ಟಾರ್ಟ್ ಆಗುವಾಗ ಸಿಗುವ ಹೆಚ್ಚಿನ ಗಾಳಿಯಲ್ಲಿ ಓಡಿ, ಐಡಲ್‌ಗೆ ಇಳಿದಾಗ ಉಸಿರು ಕಟ್ಟಿ ನಿಲ್ಲುತ್ತದೆ. ಬ್ಯಾಟರಿಯವರ ತಪ್ಪೂ ಇಲ್ಲ, ಬ್ಯಾಟರಿಯ ತಪ್ಪೂ ಇಲ್ಲ. ವರ್ಷಗಳಿಂದ ಮರೆಯಲ್ಲಿದ್ದ ದೋಷ ಆ ದಿನ ಹೊರಬಿತ್ತು.

ಥ್ರಾಟಲ್ ಬಾಡಿಗೆಂದೇ ಸಿಗುವ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತಂತಿಯಿಲ್ಲದೆ ಮೋಟರಿನಿಂದ ತಿರುಗುವ ಥ್ರಾಟಲ್ ಆಗಿದ್ದರೆ, ಕೀ ಆನ್ ಇರುವಾಗ ತಟ್ಟೆಗೆ ಬೆರಳು ತಾಗಿಸಬೇಡಿ. ಅದು ತಾನಾಗಿಯೇ ಮುಚ್ಚಿಕೊಂಡರೆ ಬೆರಳು ಜಜ್ಜುತ್ತದೆ. ಬಲವಂತವಾಗಿ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿಯುತ್ತವೆ. ಕಬ್ಬಿಣದ ಬ್ರಶ್ ಹಾಕಿ ಉಜ್ಜಲೂಬಾರದು. ಹಳೆಯ ಕಾರುಗಳಲ್ಲಿ ಪಕ್ಕದಲ್ಲೇ ಐಡಲ್ ಏರ್ ವಾಲ್ವ್ ಬೇರೆಯಾಗಿ ಇರುತ್ತದೆ. ಅದರ ಮೊನೆಯಲ್ಲೂ ಇದೇ ಮಸಿ ಇರುತ್ತದೆ, ಅದನ್ನೂ ಬಿಚ್ಚಿ ಒರೆಸಬೇಕು.

ಶುಚಿ ಮಾಡಿದ ಮೇಲೆ ಕಂಪ್ಯೂಟರಿಗೆ ಮತ್ತೆ ಪಾಠ ಹೇಳಿಕೊಡಬೇಕು. ಇದರ ವಿಧಾನ ಕಾರಿನಿಂದ ಕಾರಿಗೆ ಬೇರೆಯಾಗುತ್ತದೆ. ಕೆಲವಕ್ಕೆ ಸ್ಕ್ಯಾನರ್ ಬೇಕೇ ಬೇಕು. ಬಹುಪಾಲು ಕಾರುಗಳಲ್ಲಿ ಎಲ್ಲ ದೀಪ, ಫ್ಯಾನ್, ಏಸಿ ಆರಿಸಿ, ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ನಿಂತಲ್ಲೇ ಓಡಲು ಬಿಟ್ಟರೆ ಸಾಕು. ಆಮೇಲೆ ಏಸಿ ಹಾಕಿ ಇನ್ನೊಂದೈದು ನಿಮಿಷ. ಮೇಷ್ಟ್ರ ಕಾರು ಮೊದಲ ನಿಮಿಷ 1,200ರಲ್ಲಿ ಓಡಿ, ತಾನಾಗಿ ಇಳಿದು 750ರಲ್ಲಿ ನಿಂತಿತು. ಅವರು ಬಾನೆಟ್ ಹಿಡಿದುಕೊಂಡು, ಹತ್ತು ನಿಮಿಷವೂ ಮಾತಾಡದೆ ಆ ಸದ್ದನ್ನು ಕೇಳುತ್ತಾ ನಿಂತಿದ್ದರು.

ಐಡಲ್ ಕೆಡಿಸುವ ಇನ್ನೂ ಎರಡು ಕಾರಣಗಳಿವೆ. ಮೊದಲನೆಯದು ಕಳ್ಳಗಾಳಿ. ಥ್ರಾಟಲ್ ದಾಟಿದ ಮೇಲೆ ಇರುವ ಸಣ್ಣ ರಬ್ಬರ್ ಪೈಪುಗಳು, ಬ್ರೇಕ್ ತುಳಿಯುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪು ಬಿರಿದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಉಸ್ ಎಂಬ ಸದ್ದು ಕೇಳಿಸಬಹುದು. ಇಕ್ಕಳದಿಂದ ಒಂದೊಂದೇ ಪೈಪನ್ನು ಮೆಲ್ಲಗೆ ಅಮುಕಿ ನೋಡಿ. ಯಾವುದನ್ನು ಅಮುಕಿದಾಗ ಎಂಜಿನ್ ದನಿ ಸುಧಾರಿಸುತ್ತದೆಯೋ ಅದೇ ಕಳ್ಳ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಉರಿಯುವ ಸ್ಪ್ರೇ ಹೊಡೆದು ಹುಡುಕುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಬೇಡ, ಸಾಬೂನು ನೀರು ಸಾಕು. ಎರಡನೆಯದು, ಸುಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಎಂಜಿನ್‌ಗೆ ಮರಳಿ ಬಿಡುವ ಇಜಿಆರ್ ವಾಲ್ವ್ ತೆರೆದೇ ಕುಳಿತಿರುವುದು. ಸುಟ್ಟ ಹೊಗೆ ಐಡಲ್‌ನಲ್ಲೂ ಒಳಗೆ ಬಂದರೆ ಎಂಜಿನ್ ನಡುಗಿ ನಿಲ್ಲುತ್ತದೆ.

ಮಲೆನಾಡಿನವರು ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ತೆರೆದು ನೋಡುವುದು ಒಳ್ಳೆಯದು. ಅಡಿಕೆ ಸುಗ್ಗಿ ಮುಗಿದ ಮೇಲೆ ಬಂದ ಒಂದು ಜೀಪಿನ ಪೆಟ್ಟಿಗೆಯಲ್ಲಿ ಇಲಿ ತುಂಬಿದ್ದ ಅಡಿಕೆ ಸಿಪ್ಪೆಯನ್ನು ಎರಡು ಕೈಯಲ್ಲಿ ಬಾಚಿ ತೆಗೆದಿದ್ದೇನೆ. ಸಿಪ್ಪೆಯ ಕೆಳಗೆ ಸೆನ್ಸರಿನ ವೈರನ್ನೂ ಕಡಿದಿಟ್ಟಿತ್ತು.

ಪೆಟ್ರೋಲ್ ಬರುತ್ತಿದೆಯೇ?

ಕಂಪ್ಯೂಟರಿನ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಕಿಟಕಿ ಮುಚ್ಚಿ ಕೇಳಿ. ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡ್ ಜುಂಯ್ ಎನ್ನುವ ಸದ್ದು ಬರಬೇಕು. ಪಂಪ್ ಪೈಪಿಗೆ ಒತ್ತಡ ತುಂಬಿಸುವ ಸದ್ದು ಅದು. ಸದ್ದು ಬಾರದಿದ್ದರೆ ಪಂಪನ್ನೇ ದೂರುವ ಮೊದಲು ಫ್ಯೂಸ್ ನೋಡಿ, ಆಮೇಲೆ ಪಂಪಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ರಿಲೇ. ಅದೇ ಡಬ್ಬಿಯಲ್ಲಿರುವ ಹಾರ್ನ್ ರಿಲೇ ಒಂದೇ ನಂಬರಿನದಾಗಿದ್ದರೆ ಅದಲುಬದಲು ಮಾಡಿದರೆ ಉತ್ತರ ಸಿಗುತ್ತದೆ. ಸದ್ದು ಬಂದರೂ ಎಂಜಿನ್ ನಿಲ್ಲುತ್ತಿದ್ದರೆ ಒತ್ತಡವನ್ನು ಗೇಜ್ ಹಾಕಿಯೇ ಅಳೆಯಬೇಕು. ಮಾಮೂಲಿ ಇಂಜೆಕ್ಷನ್ ಕಾರುಗಳಲ್ಲಿ ಅದು ಸುಮಾರು 3ರಿಂದ 4 ಬಾರ್ ಇರುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿಯನ್ನು ಸರ್ವೀಸ್ ಪುಸ್ತಕದಲ್ಲಿ ನೋಡಿಕೊಳ್ಳಿ. ಎಂಜಿನ್ ಸಾಯುವ ಕ್ಷಣದಲ್ಲಿ ಮುಳ್ಳು ಎಲ್ಲಿತ್ತು ಎಂಬುದೇ ಮುಖ್ಯ. ಒತ್ತಡ ಮೊದಲು ಬಿದ್ದು ಎಂಜಿನ್ ಆಮೇಲೆ ಸತ್ತರೆ ಇಂಧನದ ದೋಷ. ಎಂಜಿನ್ ಸತ್ತಾಗಲೂ ಒತ್ತಡ ಗಟ್ಟಿಯಾಗಿದ್ದರೆ ಪಂಪಿಗೆ ಕೈ ಹಾಕಬೇಡಿ.

ಕಾರ್ಬುರೇಟರ್ ಬೈಕುಗಳ ಲೆಕ್ಕ ಸರಳ. 2020ರ ಏಪ್ರಿಲ್‌ನಲ್ಲಿ ಹೊಗೆಯ ಮಿತಿಯ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಇಂಜೆಕ್ಷನ್‌ಗೆ ಬದಲಾದವು, ಆದರೆ ನಮ್ಮ ಊರುಗಳಲ್ಲಿ ಕಾರ್ಬುರೇಟರ್ ಬೈಕುಗಳು ಇನ್ನೂ ದಂಡಿಯಾಗಿ ಓಡುತ್ತಿವೆ. ಚೋಕ್ ಎಳೆದಾಗ ಓಡಿ, ಒಳಗೆ ತಳ್ಳಿದಾಗ ನಿಂತರೆ ಐಡಲ್‌ನಲ್ಲಿ ಪೆಟ್ರೋಲ್ ಕೊಡುವ ಸಣ್ಣ ರಂಧ್ರ, ಅಂದರೆ ಸ್ಲೋ ಜೆಟ್, ಕಟ್ಟಿದೆ. ಮನೆಯಿಂದ ಹೊರಟು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ನಿಂತರೆ ಪೆಟ್ರೋಲ್ ಕಾಕ್ ಮುಚ್ಚಿದೆ ಅಥವಾ ಅದರ ಜಾಲರಿ ಕಟ್ಟಿದೆ. ಅಷ್ಟು ದೂರ ಓಡಿದ್ದು ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನಲ್ಲಿದ್ದ ಪೆಟ್ರೋಲಿನಿಂದ. ನಾಲ್ಕೈದು ಕಿಲೋಮೀಟರು ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿದರೆ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಮುಚ್ಚಿದೆ. ನಿಂತ ಜಾಗದಲ್ಲೇ ಮುಚ್ಚಳ ತೆರೆಯಿರಿ. ಗಾಳಿ ಒಳಗೆಳೆದುಕೊಂಡ ಸದ್ದು ಬಂದು, ಕೂಡಲೇ ಸ್ಟಾರ್ಟ್ ಆದರೆ ಬೇರೇನೂ ನೋಡಬೇಕಾಗಿಲ್ಲ. ಕುಂಬಾರ ಹುಳು ಸಣ್ಣ ರಂಧ್ರ ಕಂಡಲ್ಲೆಲ್ಲ ಮಣ್ಣು ಮೆತ್ತುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕ್ ಪೈಪುಗಳನ್ನು ಇದಕ್ಕಾಗಿಯೇ ನೋಡಬೇಕು.

ಹೊಸ ಬೈಕುಗಳಲ್ಲಿ ಇನ್ನೊಂದು ವಿಚಾರವಿದೆ. ಗೇರ್ ಹಾಕಿದ ಕೂಡಲೇ ನಿಂತರೆ ಮೊದಲು ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ಕೆಸರು ಮೆತ್ತಿದ ಸ್ವಿಚ್ಚು ಸ್ಟ್ಯಾಂಡ್ ಇನ್ನೂ ಕೆಳಗಿದೆ ಎಂದು ತಿಳಿದು ಎಂಜಿನ್ ಆರಿಸುತ್ತದೆ.

ಈಗ ಪೆಟ್ರೋಲಿನ ವಿಷಯ. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರು ಭಾಗದಲ್ಲಿ ಇಪ್ಪತ್ತು ಭಾಗ ಎಥೆನಾಲ್. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆತು ಎಂಜಿನ್‌ನಲ್ಲಿ ಉರಿದುಹೋಗುತ್ತದೆ. ಮಿತಿ ಮೀರಿದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಸೂರಿನ ನೀರು ಬೀಳುವಲ್ಲಿ ಮಳೆಗಾಲವಿಡೀ ನಿಲ್ಲಿಸಿದ ಬೈಕು ಹೀಗೆಯೇ ಸ್ಟಾರ್ಟ್ ಆಗಿ ನಿಲ್ಲುತ್ತದೆ. ಪರೀಕ್ಷೆ ಸುಲಭ: ತಳದ ಪೆಟ್ರೋಲನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಕೆಳಗೆ ಬೇರೆ ಪದರ ನಿಂತು, ನಡುವೆ ಗೆರೆ ಎಳೆದ ಹಾಗೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗುವುದಿಲ್ಲ.

ಡೀಸೆಲ್ ಗಾಡಿಗೆ ಗಾಳಿ ಹಿಡಿದಾಗ

ತರಕಾರಿ ಸಾಗಿಸುವ ಹಳೆಯ ಪಿಕಪ್ ಒಂದು ಪ್ರತಿದಿನ ಬೆಳಗಿನ ಜಾವ ಸ್ಟಾರ್ಟ್ ಆಗಿ, ಅರ್ಧ ನಿಮಿಷ ಓಡಿ, ಮುಕ್ಕರಿಸಿ ನಿಲ್ಲುತ್ತಿತ್ತು. ಹತ್ತು ನಿಮಿಷ ಪ್ರೈಮರ್ (ಪೈಪಿಗೆ ಡೀಸೆಲ್ ತುಂಬಿಸುವ ಕೈಪಂಪು) ಒತ್ತಿ ಒತ್ತಿ ಮತ್ತೆ ಸ್ಟಾರ್ಟ್ ಮಾಡಿದರೆ ದಿನವಿಡೀ ಓಡುತ್ತಿತ್ತು. ಡ್ರೈವರ್ ಹುಡುಗನಿಗೂ ಅದೇ ಪ್ರಶ್ನೆ ಕೇಳಿದೆ. "ಹೋದ ವಾರ ಡೀಸೆಲ್ ಫಿಲ್ಟರ್ ಬದಲಿಸಿದ್ದೇವೆ ಅಣ್ಣಾ, ಫಿಲ್ಟರ್ ಹೊಸದೇ ಇದೆ" ಎಂದ. ಹೊಸದು ಎಂಬ ಕಾರಣಕ್ಕೇ ಆ ಕಡೆ ಯಾರೂ ನೋಡಿರಲಿಲ್ಲ.

ಡೀಸೆಲ್ ಎಂಜಿನ್‌ನ ಇಂಧನ ಪೈಪಿಗೆ ಗಾಳಿ ಸೇರಿದರೆ ಪಂಪು ಗಾಳಿಯನ್ನೇ ಒತ್ತುತ್ತಾ ಕೂರುತ್ತದೆ. ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಬರುವುದಿಲ್ಲ. ಇಲ್ಲಿ ಬಹಳ ಜನ ಎಡವುವುದು ಸೋರಿಕೆಯ ಗುರುತು ಹುಡುಕುವಾಗ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಹೀರುವ ಪೈಪು. ಅದರಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಲ್ಲಿಯೂ ಒದ್ದೆ ಕಾಣುವುದಿಲ್ಲ. ರಾತ್ರಿ ಗಾಡಿ ನಿಂತಾಗ ಆ ತೂತಿನಿಂದ ಗಾಳಿ ನುಸುಳಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಮರಳುತ್ತದೆ. ಬೆಳಗ್ಗೆ ಪಂಪಿನಲ್ಲಿ ಉಳಿದಷ್ಟು ಡೀಸೆಲಿನಲ್ಲಿ ಎಂಜಿನ್ ಓಡುತ್ತದೆ, ಆಮೇಲೆ ಗಾಳಿಯ ಸರದಿ ಬರುತ್ತದೆ.

ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ ಸ್ಟಾರ್ಟ್ ಮಾಡಿದೆ. ಸೋಡಾ ಬಾಟಲಿ ಒಡೆದ ಹಾಗೆ ಗುಳ್ಳೆಗಳು ಓಡಿದವು. ಇನ್ನು ತೂತು ಎಲ್ಲಿ? ಟ್ಯಾಂಕಿನಿಂದ ಬರುವ ಪೈಪು ಕಳಚಿ, ಎರಡು ಲೀಟರ್ ಡೀಸೆಲ್ ತುಂಬಿದ ಕ್ಯಾನನ್ನು ಬಾನೆಟ್ ಪಕ್ಕ ಇಟ್ಟು ಅದರಿಂದ ಫಿಲ್ಟರಿಗೆ ಪೈಪು ಕೊಟ್ಟೆ. ಗುಳ್ಳೆ ನಿಲ್ಲಲಿಲ್ಲ. ಟ್ಯಾಂಕು, ಉದ್ದನೆಯ ಪೈಪು ಎರಡೂ ಪಾರಾದವು. ಉಳಿದದ್ದು ಫಿಲ್ಟರ್ ಒಂದೇ. ಬಿಚ್ಚಿ ಅದರ ತಲೆಯ ಭಾಗವನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ರಬ್ಬರ್ ರಿಂಗ್ ಒಂದರ ಮೇಲೊಂದು ಎರಡಿದ್ದವು. ಹಳೆಯ ಫಿಲ್ಟರಿನ ರಿಂಗ್ ಕಪ್ಪಗೆ ಅಂಟಿಕೊಂಡು ಅಲ್ಲೇ ಉಳಿದಿತ್ತು, ಹೊಸದನ್ನು ಅದರ ಮೇಲೆಯೇ ಬಿಗಿದಿದ್ದರು. ಹೆಬ್ಬೆರಳ ಉಗುರಿನಿಂದ ಹಳೆಯದನ್ನು ಸುಲಿದು ತೆಗೆದೆ. ಹೊಸ ರಿಂಗಿಗೆ ಡೀಸೆಲ್ ಸವರಿ ಕೂರಿಸಿ, ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿದೆ. ಪ್ರೈಮರ್ ಕೈಗೆ ಕಲ್ಲಿನಂತೆ ಗಟ್ಟಿಯಾದಾಗ ಸ್ಕ್ರೂ ಬಿಗಿದೆ. ಖರ್ಚು ಒಂದು ರೂಪಾಯಿಯೂ ಆಗಲಿಲ್ಲ.

ಪೈಪಿನ ಬೋಲ್ಟುಗಳ ತಾಮ್ರದ ವಾಷರ್‌ಗಳನ್ನು ಮತ್ತೆ ಮತ್ತೆ ಬಳಸಿದರೂ ಇದೇ ತೊಂದರೆ ಬರುತ್ತದೆ. ಗುಳ್ಳೆಯೇ ಇಲ್ಲದೆ, ಪಟ್ಟನೆ ಆರಿದ ಹಾಗೆ ನಿಲ್ಲುತ್ತಿದ್ದರೆ ಪಂಪಿನ ಮೇಲಿದ್ದು ಕರೆಂಟಿನಿಂದ ಡೀಸೆಲ್ ದಾರಿಯನ್ನು ತೆರೆದು ಮುಚ್ಚುವ ಸ್ಟಾಪ್ ಸೊಲೆನಾಯ್ಡ್‌ನ ವೈರ್ ಸಡಿಲವಾಗಿದೆಯೇ ನೋಡಿ. ಕೀ ಆನ್ ಮಾಡಿದಾಗ ಅದು ಟಕ್ ಎನ್ನಬೇಕು.

ಇದೆಲ್ಲ ಹಳೆಯ ಪಂಪಿನ ಗಾಡಿಗಳ ಮಾತು. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಕಾರಿನಲ್ಲಿ ಫಿಲ್ಟರಿನವರೆಗೆ ಮಾತ್ರ ನೀವು ಕೈ ಹಾಕಬಹುದು. ಅದರಿಂದಾಚೆಯ ಉಕ್ಕಿನ ಪೈಪುಗಳಲ್ಲಿ ಒತ್ತಡ 1,000 ಬಾರ್ ಮೀರುತ್ತದೆ. ಓಡುವ ಎಂಜಿನ್‌ನಲ್ಲಿ ಆ ನಟ್ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಸ್ಕ್ಯಾನರ್ ಹೇಳುವುದು, ಹೇಳದಿರುವುದು

ಈಗ ಕಡಿಮೆ ಬೆಲೆಗೆ ಮೊಬೈಲಿಗೆ ಜೋಡಿಸುವ ಸ್ಕ್ಯಾನರ್‌ಗಳು ಸಿಗುತ್ತವೆ. ಕೊಂಡುಕೊಳ್ಳಿ, ಖಂಡಿತ ಉಪಯೋಗವಿದೆ. ಆದರೆ ಅದು ತೋರಿಸುವ ಕೋಡ್ ರೋಗದ ಲಕ್ಷಣ ಹೇಳುತ್ತದೆಯೇ ಹೊರತು ಯಾವ ಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ. ಪಿ0171 ಎಂದರೆ ಮಿಶ್ರಣ ತೆಳುವಾಗಿದೆ ಎಂದಷ್ಟೇ. ಕಾರಣ ಬಿರಿದ ಪೈಪು ಇರಬಹುದು, ಸೋತ ಪಂಪು ಇರಬಹುದು, ಧೂಳು ಹಿಡಿದ ಏರ್ ಫ್ಲೋ ಸೆನ್ಸರ್ ಇರಬಹುದು. ಆಕ್ಸಿಜನ್ ಸೆನ್ಸರ್ ಬದಲಿಸಿ ಹಣ ಕಳೆದುಕೊಂಡವರು ಈ ಕೋಡ್‌ನಿಂದಲೇ ಹೆಚ್ಚು. ಪಿ0505 ಐಡಲ್ ನಿಯಂತ್ರಣದ ಕಡೆಗೂ, ಪಿ0335 ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನ ಕಡೆಗೂ ಬೆರಳು ತೋರುತ್ತವೆ.

ಕೋಡ್‌ಗಿಂತ ಓಡುವ ಅಂಕಿಗಳೇ ನನಗೆ ಮುಖ್ಯ. ರಾತ್ರಿಯಿಡೀ ನಿಂತ ಕಾರಿಗೆ ಬೆಳಗ್ಗೆ ಸ್ಕ್ಯಾನರ್ ಹಾಕಿ, ಸ್ಟಾರ್ಟ್ ಮಾಡುವ ಮೊದಲೇ ಕೂಲೆಂಟ್ ಉಷ್ಣತೆ ನೋಡಿ. ಹೊರಗಿನ ಹವೆ 22 ಡಿಗ್ರಿ ಇದ್ದರೆ ಅದೂ ಅಲ್ಲೇ ಹತ್ತಿರ ಇರಬೇಕು. ಮೈನಸ್ 40 ತೋರಿಸಿದರೆ ಸೆನ್ಸರಿನ ವೈರ್ ಕಡಿದಿದೆ. 80 ತೋರಿಸಿದರೆ ಕಂಪ್ಯೂಟರು ಎಂಜಿನ್ ಬಿಸಿಯಾಗಿದೆ ಎಂದು ನಂಬಿ ತಣ್ಣನೆಯ ಎಂಜಿನ್‌ಗೆ ಬೇಕಾದ ಹೆಚ್ಚಿನ ಪೆಟ್ರೋಲನ್ನು ಕೊಡುತ್ತಿಲ್ಲ. ನಿಲ್ಲುವುದಕ್ಕೆ ಅಷ್ಟು ಸಾಕು. ಇದರ ಜೊತೆಗೆ ಬ್ಯಾಟರಿಯನ್ನೂ ಅಳೆದುಬಿಡಿ: ನಿಂತಾಗ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5.

ಪರೀಕ್ಷೆ ಮಾಡುವಾಗ ಷೆಡ್ಡಿನ ಬಾಗಿಲು ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಕೊಲ್ಲುತ್ತದೆ. ಮತ್ತೆ, ಹೀಗೆ ನಿಲ್ಲುವ ಕಾರನ್ನು ಹೇಗೋ ನಿಭಾಯಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತೇನೆ ಎಂದು ಹೊರಡಬೇಡಿ. ಎಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ಬಲ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಬ್ರೇಕ್ ಹಿಡಿಯಬೇಕಾದರೆ ಇಡೀ ಮೈಯ ಬಲ ಹಾಕಿ ತುಳಿಯಬೇಕು.

ಮೇಷ್ಟ್ರ ಚೀಟಿ

ಮುಂದಿನ ಬೇಸಿಗೆಯಲ್ಲಿ ಮೇಷ್ಟ್ರು ಮತ್ತೆ ಬಂದರು. ಈ ಸಲ ಕೈಯಲ್ಲಿ ಚೀಲ ಇರಲಿಲ್ಲ, ನಾಲ್ಕಾಗಿ ಮಡಿಸಿದ ಒಂದು ಹಾಳೆ ಇತ್ತು. ಕರಿಹಲಗೆಯ ಅಕ್ಷರದಲ್ಲಿ ಹೀಗೆ ಬರೆದಿದ್ದರು:

"9.10ಕ್ಕೆ ಮನೆ ಬಿಟ್ಟದ್ದು. 9.32ಕ್ಕೆ ನಿಂತಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಕಾರು ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿತ್ತು. ಆಕ್ಸಿಲರೇಟರ್ ಒತ್ತಿದರೆ ಪ್ರಯೋಜನವಿಲ್ಲ. 9.55ಕ್ಕೆ ತಾನಾಗಿ ಸ್ಟಾರ್ಟ್ ಆಯಿತು. ಇತ್ತೀಚೆಗೆ ಯಾವ ಕೆಲಸವನ್ನೂ ಮಾಡಿಸಿಲ್ಲ." ಕೊನೆಯ ಸಾಲಿಗೆ ಅಡಿಗೆರೆ ಹಾಕಿದ್ದರು.

ಬಿಸಿಯಾದಾಗ ಪಟ್ಟನೆ ಸಾಯುವುದು, ತಣಿದಾಗ ಬದುಕುವುದು, ಗಾಡಿ ಗೇರಿನಲ್ಲಿ ಉರುಳುತ್ತಿದ್ದರೂ ಮುಳ್ಳು ಬೀಳುವುದು: ಕ್ರ್ಯಾಂಕ್ ಸೆನ್ಸರ್ ಎಂದು ಮನಸ್ಸು ಹೇಳಿತು. ಆ ಕಾರಿನಲ್ಲಿ ಆರ್‌ಪಿಎಂ ಮುಳ್ಳಿಗೆ ಲೆಕ್ಕ ಸಿಗುವುದು ಆ ಸೆನ್ಸರಿನಿಂದಲೇ. ಸ್ಕ್ಯಾನರ್‌ನಲ್ಲಿ ಕೋಡ್ ಒಂದೂ ಇರಲಿಲ್ಲ. ಹೊಸದನ್ನು ತರಿಸುವ ಮೊದಲು ಅಳೆದೇ ಬಿಡೋಣ ಎಂದು ಸೆನ್ಸರನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಎರಡು ವೈರಿನ ಸುರುಳಿ ಸೆನ್ಸರ್ ಆದ್ದರಿಂದ ಓಮ್ ಅಳೆಯಬಹುದು; ಮೂರು ವೈರಿನ ಹಾಲ್ ಸೆನ್ಸರಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದಕ್ಕೆ ಓಡುವಾಗಿನ ಸಿಗ್ನಲ್ಲನ್ನೇ ನೋಡಬೇಕು. ತಣ್ಣಗಿದ್ದಾಗ ಮೀಟರ್ 900 ಓಮ್ ಆಸುಪಾಸು ತೋರಿಸಿತು, ಯಾವ ದೋಷವೂ ಇಲ್ಲ. ಮನೆಯಿಂದ ತರಿಸಿದ ಹೇರ್ ಡ್ರೈಯರ್ ಹಿಡಿದು ಅದಕ್ಕೆ ಬಿಸಿ ಗಾಳಿ ಬಿಟ್ಟೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮೀಟರಿನ ಮೇಲೆ ಬಾಗಿದರು. 950 ಆಯಿತು. 1,010 ಆಯಿತು. ನಾಲ್ಕನೆಯ ನಿಮಿಷದಲ್ಲಿ ಅಂಕಿ ಒಮ್ಮೆ ಹೊಯ್ದಾಡಿ ಮಾಯವಾಯಿತು. ಒಳಗಿನ ಸುರುಳಿ ಬಿಸಿಗೆ ಹಿಗ್ಗಿ ಕಡಿದುಕೊಂಡಿತ್ತು. ಡ್ರೈಯರ್ ಆರಿಸಿ ಕಾದೆವು. ತಣಿಯುತ್ತಾ ಬಂದಾಗ 960 ಎಂದು ಅಂಕಿ ಮತ್ತೆ ಮೂಡಿತು.

"ಈಗ ತರಿಸಿ" ಎಂದರು ಮೇಷ್ಟ್ರು.